ಹೆಸರು, ಜಾತಿ, ಜನಾಂಗ: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಮತ್ತು ಅದಕ್ಕೆ ಹೊಂದಿಕೊಂಡ ಘಟ್ಟದ ಸೀಮೆಯಲ್ಲಿ ಮಗುವಿಗೆ ಹೆಸರಿಡುವಾಗ, ಶಾಲೆಗೆ ಸೇರಿಸುವಾಗ, ಕೆಲಸಕ್ಕೆ ಅರ್ಜಿ ಹಾಕುವಾಗ, ಪಾಸ್‌ಪೋರ್ಟ್ ಮಾಡಿಸುವಾಗ ಜನರು ಹೆಸರಿನ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೆಲವು ಪ್ರಶ್ನೆಗಳಿಗೆ ಕಾನೂನಿನಲ್ಲಿ ಉತ್ತರವಿದೆ. ಹೆಚ್ಚಿನವಕ್ಕೆ ಉತ್ತರ ಹುಡುಕಬೇಕಾದದ್ದು ನಮ್ಮ ನಡವಳಿಕೆಯಲ್ಲಿ.

ಹೆಸರು ಹೇಳಿದ ಮೇಲೂ ‘ಪೂರ್ತಿ ಹೆಸರೇನು?’ ಎಂದು ಕೇಳುವುದು ಜಾತಿ ತಿಳಿಯುವುದಕ್ಕೇ ಅಲ್ಲವೇ?

ಯಾವಾಗಲೂ ಅಲ್ಲ. ಮಲೆನಾಡಿನ ಹಳ್ಳಿಗಳು ಬಯಲುಸೀಮೆಯ ಊರುಗಳಂತೆ ಒತ್ತಾಗಿ ಕಟ್ಟಿದವಲ್ಲ. ತೋಟದ ಅಂಚಿಗೊಂದು, ಗುಡ್ಡದ ಬುಡಕ್ಕೊಂದು ಮನೆಯಿರುವ ಕಡೆ ಒಬ್ಬ ಮಂಜಪ್ಪನನ್ನು ಇನ್ನೊಬ್ಬ ಮಂಜಪ್ಪನಿಂದ ಬೇರೆ ಮಾಡಿ ಹೇಳಲು ಊರು, ಮನೆ, ತಂದೆಯ ಹೆಸರು ಮೂರೂ ಬೇಕಾಗುತ್ತಿದ್ದವು. ‘ಯಾವೂರಾಯ್ತು? ಯಾರ ಮನೆ?’ ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಜ್ಜ ಕೇಳಿದರೆ, ಅದರಲ್ಲಿ ಅರ್ಧ ಪಾಲು ತನಗೆ ಗೊತ್ತಿರುವ ಯಾರದಾದರೂ ನೆಂಟಸ್ತಿಕೆ ಸಿಕ್ಕೀತೇ ಎಂಬ ಆಸೆ ಇರುತ್ತದೆ. ಆದರೆ ಉಳಿದರ್ಧದಲ್ಲಿ ಬೇರೆ ಲೆಕ್ಕವೂ ಇರುತ್ತದೆ ಎಂಬುದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಊರು, ಮನೆ ಎರಡೂ ಹೇಳಿದ ಮೇಲೂ ಪ್ರಶ್ನೆ ನಿಲ್ಲದೆ ‘ನೀವು ಯಾವ ಜನ?’ ಎಂಬಲ್ಲಿಗೆ ಬಂದು ನಿಂತರೆ, ಅಲ್ಲಿಗೆ ಹೆಸರಿನ ವಿಚಾರಣೆ ಮುಗಿದು ದರ್ಜೆಯ ವಿಚಾರಣೆ ಶುರುವಾಗಿದೆ ಎಂದು ತಿಳಿಯಬಹುದು.

ನಮ್ಮ ಕಡೆ ಸರ್‌ನೇಮ್ ಇಟ್ಟುಕೊಳ್ಳುವವರು ಕಡಿಮೆ, ಇರುವುದು ಇನಿಶಿಯಲ್ ಮಾತ್ರ. ಹಾಗಿದ್ದರೆ ಹೆಸರಿನಿಂದ ಜಾತಿ ತಿಳಿಯುವುದು ಹೇಗೆ?

ಹಳೆಯ ಮೈಸೂರು ಸೀಮೆಯ ಪದ್ಧತಿಯಂತೆ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ಸ್ವಂತ ಹೆಸರು ಬರುವುದರಿಂದ ನಮ್ಮ ಹೆಸರುಗಳು ಜಾತಿಯನ್ನು ಹೇಳುವುದಿಲ್ಲ ಎಂಬ ನಂಬಿಕೆ ಇದೆ. ಕುಪ್ಪಳಿ, ವೆಂಕಟಪ್ಪ, ಪುಟ್ಟಪ್ಪ ಎಂಬ ಮೂರನ್ನೂ ಸೇರಿಸಿ ಕುವೆಂಪು ಆದವರು ತಮ್ಮ ಊರನ್ನೂ ತಂದೆಯನ್ನೂ ಹೆಸರಿನೊಳಗೆ ಉಳಿಸಿಕೊಂಡರು. ಅದರಲ್ಲಿ ಜಾತಿಯ ಪದವಿಲ್ಲ. ಆದರೂ ಓದುವವನಿಗೆ ಓದುವ ಹಟವಿದ್ದರೆ ಸುಳಿವುಗಳು ಬೇಕಾದಷ್ಟು ಸಿಗುತ್ತವೆ.

ದೇವರು ಮೊದಲ ಸುಳಿವು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಗೆ ನಡೆದುಕೊಳ್ಳುವ ಮನೆಗಳಲ್ಲಿ ಗುತ್ಯಪ್ಪ, ಗುತ್ಯಮ್ಮ ಹುಟ್ಟುತ್ತಾರೆ. ಹೊಸನಗರ ತಾಲ್ಲೂಕಿನ ಹುಂಚದ ಪದ್ಮಾವತಿಗೆ ನಡೆದುಕೊಳ್ಳುವ ಜೈನರಲ್ಲಿ ಪದ್ಮರಾಜ, ಧರಣೇಂದ್ರ ಹುಟ್ಟುತ್ತಾರೆ. ಚೌಡಪ್ಪ, ಭೂತಪ್ಪ, ಮಾರ್ಯಪ್ಪ ಎಂಬ ಹೆಸರು ಕೇಳಿದೊಡನೆ ಪೇಟೆಯ ಕಿವಿಗೆ ಒಂದು ಮನೆತನ, ಒಂದು ಉದ್ಯೋಗ, ಅಷ್ಟೇ ಏಕೆ ಒಂದು ಅಡುಗೆಮನೆಯೂ ಕಾಣಿಸಿಬಿಡುತ್ತದೆ. ಎರಡನೆಯ ಸುಳಿವು ಬಾಲ: ಅಯ್ಯ, ಅಪ್ಪ, ಭಟ್ಟ, ಸಾಬ್, ಬಾಯಿ. ಮೂರನೆಯದು ಊರು, ಏಕೆಂದರೆ ಇಂಥ ಊರಿನಲ್ಲಿ ಇಂಥವರೇ ಹೆಚ್ಚು ಎಂಬ ಲೆಕ್ಕ ಸ್ಥಳೀಯರಿಗೆ ಬಾಯಿಪಾಠವಾಗಿರುತ್ತದೆ. ಈ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. ಬಸಪ್ಪ, ಹಾಲಪ್ಪ, ಈಶ್ವರಪ್ಪ ಎಂಬ ಹೆಸರುಗಳು ಲಿಂಗಾಯತರಲ್ಲಿಯೂ ಇವೆ, ದೀವರಲ್ಲಿಯೂ ಇವೆ, ಕುರುಬರಲ್ಲಿಯೂ ಇವೆ. ತಪ್ಪಿದ ಲೆಕ್ಕದ ನಷ್ಟ ಮಾತ್ರ ಲೆಕ್ಕ ಹಾಕಿದವನಿಗಲ್ಲ, ಹೆಸರು ಹೊತ್ತವನಿಗೆ.

ಗೌಡ, ಹೆಗಡೆ, ನಾಯ್ಕ ಎಂಬ ಪದಗಳಾದರೂ ಖಚಿತವಾಗಿ ಒಂದೊಂದು ಜಾತಿಯನ್ನು ಸೂಚಿಸುತ್ತವಲ್ಲ?

ಸೂಚಿಸುವುದಿಲ್ಲ. ಇವು ಮೊದಲು ಊರಿನ ಯಜಮಾನಿಕೆಯ, ದಂಡಿನ, ಆಡಳಿತದ ಪದವಿಗಳಾಗಿದ್ದವು, ಆಮೇಲೆ ಹೆಸರಿಗೆ ಅಂಟಿಕೊಂಡವು. ಹೆಗಡೆ ಎಂದರೆ ಸಾಗರದ ಕಡೆಯವರು ಹವ್ಯಕರೆಂದುಕೊಳ್ಳುತ್ತಾರೆ, ಕರಾವಳಿಯವರು ಬಂಟರೆಂದುಕೊಳ್ಳುತ್ತಾರೆ; ಜೈನರಲ್ಲೂ ಒಕ್ಕಲಿಗರಲ್ಲೂ ಹೆಗ್ಗಡೆಗಳಿದ್ದಾರೆ. ತೀರ್ಥಹಳ್ಳಿಯಲ್ಲಿ ಗೌಡರೆಂದರೆ ಒಕ್ಕಲಿಗರು, ಶಿಕಾರಿಪುರದ ಕಡೆಗೆ ಬಂದರೆ ಲಿಂಗಾಯತ ಗೌಡರು, ಘಟ್ಟದ ಕೆಳಗೆ ಇಳಿದರೆ ಹಾಲಕ್ಕಿ ಒಕ್ಕಲಿಗರೂ ಗೌಡರೇ.

ಎಲ್ಲಕ್ಕಿಂತ ಗೋಜಲಿನದು ನಾಯಕ, ನಾಯ್ಕ, ನಾಯಕ್ ಎಂಬ ರೂಪಗಳು. 1499ರಿಂದ 1763ರವರೆಗೆ ಈ ಸೀಮೆಯನ್ನಾಳಿದ ಕೆಳದಿಯ ಅರಸರು ನಾಯಕರು, ಅವರು ವೀರಶೈವರು. ವಾಲ್ಮೀಕಿ ಸಮುದಾಯದವರು ನಾಯಕರು, ಅವರು ಪರಿಶಿಷ್ಟ ಪಂಗಡ. ಭದ್ರಾವತಿ, ಶಿಕಾರಿಪುರದ ತಾಂಡಾಗಳ ಲಂಬಾಣಿಗರು ನಾಯ್ಕರು, ಅವರು ಪರಿಶಿಷ್ಟ ಜಾತಿ. ಸಿದ್ದಾಪುರ, ಸೊರಬದ ದೀವರಲ್ಲೂ ನಾಯ್ಕರಿದ್ದಾರೆ, ಅವರು ಹಿಂದುಳಿದ ವರ್ಗ. ಗೌಡ ಸಾರಸ್ವತರಲ್ಲೂ ನಾಯಕರಿದ್ದಾರೆ, ಅವರಿಗೆ ಜಾತಿ ಆಧಾರದ ಮೀಸಲಾತಿಯಿಲ್ಲ. ಹೀಗಿರುವಾಗ ನಾಯ್ಕ ಎಂಬ ಹೆಸರನ್ನು ಪಟ್ಟಿಯಲ್ಲಿ ನೋಡಿದ ಕೂಡಲೇ ‘ಇವರು ಕೋಟಾದವರು’ ಎಂದು ಪಿಸುಗುಟ್ಟುವವರು ಜ್ಞಾನ ಪ್ರದರ್ಶಿಸುತ್ತಿಲ್ಲ. ಜಾತಿ ಪ್ರಮಾಣಪತ್ರ ಕೊಡುವ ತಹಶೀಲ್ದಾರರ ಕಚೇರಿಯೇ ಹೆಸರಿನ ಬಾಲವನ್ನು ನಂಬದೆ ಶಾಲಾ ದಾಖಲೆ, ಕುಟುಂಬದ ದಾಖಲೆ, ಸ್ಥಳ ವಿಚಾರಣೆಗಳನ್ನು ಕೇಳುವಾಗ, ಕ್ಯಾಂಟೀನಿನ ಮೇಜಿನ ಸುತ್ತ ಕುಳಿತವರು ಅದನ್ನು ನಂಬಲು ಕಾರಣವಿಲ್ಲ.

ಹಿಂದೆ ಒಬ್ಬನೇ ಮನುಷ್ಯನನ್ನು ಕೆಲವರು ‘ತಿಮ್ಮ’ ಎಂದೂ ಕೆಲವರು ‘ತಿಮ್ಮಪ್ಪ’ ಎಂದೂ ಕರೆಯುತ್ತಿದ್ದರಂತೆ. ಅದರಲ್ಲಿ ಅಂಥದ್ದೇನಿದೆ?

ಮಲೆನಾಡಿನ ಭೂಸಂಬಂಧದ ಇತಿಹಾಸದ ದೊಡ್ಡ ಭಾಗವೇ ಅದರಲ್ಲಿದೆ. ತನ್ನ ಮನೆಯಲ್ಲಿ, ತನ್ನ ಕೇರಿಯಲ್ಲಿ ತಿಮ್ಮಪ್ಪನಾಗಿದ್ದವನು ಒಡೆಯರ ಅಂಗಳಕ್ಕೆ ಗೇಣಿಯ ಭತ್ತ ಹೊತ್ತು ಹೋದಾಗ ತಿಮ್ಮನಾಗುತ್ತಿದ್ದ. ಅವನಿಗಿಂತ ಮೂವತ್ತು ವರ್ಷ ಚಿಕ್ಕವನಾದ ಒಡೆಯರ ಮಗನೂ ಅವನನ್ನು ಏಕವಚನದಲ್ಲಿಯೇ ಕೂಗುತ್ತಿದ್ದ. ಕೂಲಿಯ ಮನೆಗಳಲ್ಲಿ ಹುಟ್ಟಿದ ವಾರವೇ ಹೆಸರಾಗಿ ಸೋಮ, ಬುದ್ಯ, ಸುಕ್ರ ಎಂದು ಉಳಿದುಬಿಡುತ್ತಿದ್ದದ್ದೂ ಉಂಟು. ಗೌರವದ ಅಪ್ಪ, ಅಯ್ಯಗಳು ಹೆಸರಿಗೆ ಸೇರುವುದೋ ಬಿಡುವುದೋ ಎಂಬುದನ್ನು ಹೆಸರಿನವನು ನಿರ್ಧರಿಸುತ್ತಿರಲಿಲ್ಲ, ಕರೆಯುವವನು ನಿರ್ಧರಿಸುತ್ತಿದ್ದ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದಕ್ಕೆ ಗೇಣಿ ಅಳೆಯುವ ಕೊಳಗದ ಅನ್ಯಾಯ ನೇರ ಕಾರಣ. ಆದರೆ ಮೊಳಕಾಲಿನ ಕೆಳಗೆ ಪಂಚೆ ಉಡಬಾರದು ಎಂಬಂಥ ಕಟ್ಟುಪಾಡುಗಳ ಅವಮಾನವೂ ಅದರ ಹಿಂದೆ ಇತ್ತು. ಕರೆಯುವ ರೀತಿ ಅದೇ ಸಾಲಿಗೆ ಸೇರುತ್ತದೆ. ಎಚ್. ಗಣಪತಿಯಪ್ಪ ಮುಂದೆ ನಿಂತ, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗೂಡಿದ, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಆ ಹೋರಾಟದ ಫಲ ಪೂರ್ತಿಯಾಗಿ ಕೈಗೆ ಬಂದದ್ದು 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಯಾದ ಮೇಲೆ. ಪಹಣಿಯಲ್ಲಿ ‘ಇಂಥವನು ಬಿನ್ ಇಂಥವನು’ ಎಂದು ಗೇಣಿದಾರನ ಹೆಸರು ಮಾಲೀಕನ ಕಲಮಿಗೆ ಏರಿತು. ಅಚ್ಚರಿಯೆಂದರೆ ಹಲವು ಪಹಣಿಗಳಲ್ಲಿ ಅಲ್ಲಿಯೂ ಹೆಸರು ಮೊಟಕಾಗಿಯೇ ಇತ್ತು. ಜಮೀನು ಸಿಕ್ಕಿತು, ಅಪ್ಪ ಸಿಗಲಿಲ್ಲ. ಇವತ್ತು ಆ ಮನೆಗಳ ಮೊಮ್ಮಕ್ಕಳು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ಅರ್ಜಿ ಹಾಕುವಾಗ ಅಜ್ಜನ ಎರಡು ಹೆಸರುಗಳು ಒಬ್ಬನವೇ ಎಂದು ಅಫಿಡವಿಟ್ ಮಾಡಿಸುತ್ತಿದ್ದಾರೆ.

ಜನಾಂಗಭೇದ ಅಮೆರಿಕದ ಸಮಸ್ಯೆಯಲ್ಲವೇ? ಹೆಸರಿನ ಚರ್ಚೆಯಲ್ಲಿ ಅದನ್ನೇಕೆ ತರುತ್ತೀರಿ?

ಹೆಸರು ಮಾತ್ರ ಬೇರೆಯಾಗಿದ್ದು ಉಳಿದದ್ದೆಲ್ಲ ಒಂದೇ ಆಗಿದ್ದರೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದ ಹೆಸರಾಂತ ಪ್ರಯೋಗ ಅಲ್ಲಿ ನಡೆದದ್ದರಿಂದ. ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಬೋಸ್ಟನ್ ಮತ್ತು ಶಿಕಾಗೊ ನಗರಗಳ ಉದ್ಯೋಗ ಜಾಹೀರಾತುಗಳಿಗೆ ಸುಮಾರು 5000 ಕಾಲ್ಪನಿಕ ಅರ್ಜಿಗಳನ್ನು ಕಳುಹಿಸಿದರು. ಕೆಲವಕ್ಕೆ ಎಮಿಲಿ, ಗ್ರೆಗ್ ಎಂಬಂತೆ ಬಿಳಿಯರದೆಂದು ತೋರುವ ಹೆಸರು, ಕೆಲವಕ್ಕೆ ಲಕೀಶಾ, ಜಮಾಲ್ ಎಂಬಂತೆ ಕರಿಯರದೆಂದು ತೋರುವ ಹೆಸರು. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಗುಂಪಿಗೆ ಸುಮಾರು 10 ಅರ್ಜಿಗೆ ಒಂದು ಕರೆ ಬಂದರೆ, ಎರಡನೆಯ ಗುಂಪಿಗೆ ಸುಮಾರು 15 ಅರ್ಜಿಗೆ ಒಂದು ಕರೆ ಬಂತು.

ಇದೇ ಬಗೆಯ ಪ್ರಯೋಗವನ್ನು ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಭಾರತದ ಖಾಸಗಿ ಕಂಪನಿಗಳ ಜಾಹೀರಾತುಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದರು. ಓದು, ಅನುಭವ ಒಂದೇ ಆಗಿದ್ದರೂ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಮೇಲ್ಜಾತಿ ಹಿಂದೂ ಹೆಸರಿನ ಅರ್ಜಿಗೆ ಹೋಲಿಸಿದರೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿನ ಅರ್ಜಿಗೆ ಸುಮಾರು ಮೂರನೇ ಒಂದರಷ್ಟು ಎಂದು ಅವರು ಕಂಡರು. ಆ ಅರ್ಜಿಗಳಿಗೆ ಮುಖವಿರಲಿಲ್ಲ, ಬಣ್ಣವಿರಲಿಲ್ಲ, ಮಾತಿನ ಧಾಟಿಯಿರಲಿಲ್ಲ. ಹೆಸರೊಂದೇ ಅಷ್ಟು ಕೆಲಸ ಮಾಡಿತು. ಜಾತಿಯೂ ಜನಾಂಗವೂ ಒಂದೇ ಅಲ್ಲ, ಅವುಗಳ ಚರಿತ್ರೆ ಬೇರೆ; ಆದರೆ ಹೆಸರನ್ನು ಓದಿ ಅರ್ಜಿಯನ್ನು ಬದಿಗಿಡುವ ಕೈಯ ಚಲನೆ ಎರಡೂ ಕಡೆ ಒಂದೇ. ವಲಸೆಯೊಡನೆ ಜಾತಿಯೂ ಅಲ್ಲಿಗೆ ಹೋಗಿರುವುದರಿಂದಲೇ ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರುವರಿಯಲ್ಲಿ ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸಿತು.

ಹಾಗಾದರೆ ಜನಾಂಗದ ಅನುಭವ ನಮ್ಮ ಘಟ್ಟದ ಸೀಮೆಯಲ್ಲಿ ಇಲ್ಲವೇ?

ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾ ಕಡೆಯ ಕಾಡಂಚಿನಲ್ಲಿ ಬದುಕುವ ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು; ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಈ ಕಾಡುಗಳಿಗೆ ಸೇರಿದವರು ಅವರಲ್ಲಿ ಬಹಳ ಮಂದಿ. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರು ಅವರಲ್ಲಿದ್ದಾರೆ, ಹೆಸರುಗಳೂ ಅದರಂತೆಯೇ ಇವೆ; ಸಮುದಾಯದ ಹೆಸರನ್ನೇ ಕೊನೆಗೆ ಸೇರಿಸಿಕೊಳ್ಳುವವರು ಹೆಚ್ಚು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು.

ಉಳಿದವರ ವಿಷಯದಲ್ಲಿ ಹೆಸರು ಮುಖಕ್ಕಿಂತ ಮುಂಚೆ ಗುರುತು ಹೇಳಿಬಿಡುತ್ತದೆ. ಸಿದ್ದಿಗಳ ವಿಷಯದಲ್ಲಿ ಹೆಸರು ಹೇಳಿದ್ದನ್ನು ಮುಖ ನೋಡಿದವರು ನಂಬುವುದಿಲ್ಲ. ಅಚ್ಚ ಕನ್ನಡದ ಹೆಸರು ಹೇಳಿ, ಅಚ್ಚ ಕನ್ನಡದಲ್ಲಿ ಮಾತಾಡಿದ ತರುಣನನ್ನು ‘ಅದಿರಲಿ, ನಿಜವಾಗಿ ಯಾವ ದೇಶ?’ ಎಂದು ಕೇಳುವವರಿದ್ದಾರೆ. ನಾಲ್ಕಾರು ತಲೆಮಾರಿನ ಊರಿನ ಹೆಸರು ಇನಿಶಿಯಲ್ಲಿನಲ್ಲಿದ್ದರೂ ಅದು ಅವರ ಪಾಲಿಗೆ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಶಿವಮೊಗ್ಗದ ಕಾಲೇಜುಗಳಿಗೆ ಓದಲು ಬರುವ ಈಶಾನ್ಯ ರಾಜ್ಯಗಳ ಮಕ್ಕಳಿಗೂ, ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವರಿಗೂ ಎದುರಾಗುವ ಪ್ರಶ್ನೆ ಹೆಚ್ಚುಕಡಿಮೆ ಇದೇ.

ಹಕ್ಕಿಪಿಕ್ಕಿಯವರು ಹೈಕೋರ್ಟ್, ಗ್ಲೂಕೋಸ್ ಎಂದೆಲ್ಲ ಹೆಸರಿಡುತ್ತಾರಂತೆ, ನಿಜವೇ?

ಬಿಡದಿಯ ಹತ್ತಿರದ ಭದ್ರಾಪುರದಲ್ಲಿ ಅಂಥ ಹೆಸರುಗಳಿರುವುದು ನಿಜ. ಊರೂರು ಅಲೆಯುತ್ತಿದ್ದ ಸಮುದಾಯ ನೆಲೆ ನಿಂತ ಹೊತ್ತಿಗೆ ತನ್ನ ಕಣ್ಣಿಗೆ ದೊಡ್ಡದಾಗಿ, ಹೊಸದಾಗಿ ಕಂಡದ್ದನ್ನು ಮಗುವಿಗೆ ಹೆಸರಾಗಿ ಇಟ್ಟಿತು. ತೀರ್ಥಕ್ಷೇತ್ರದ ಹೆಸರಿಡುವವರು ಮಾಡುವುದೂ ಅದನ್ನೇ. ಶಿವಮೊಗ್ಗದ ಸುತ್ತಮುತ್ತಲೂ ಹಕ್ಕಿಪಿಕ್ಕಿ ಕುಟುಂಬಗಳಿವೆ. ಮೂಲಿಕೆ, ತೈಲ ಮಾರಲು ಹೋಗಿದ್ದ ಈ ಭಾಗದ ಹಲವರು 2023ರಲ್ಲಿ ಸುಡಾನಿನ ಯುದ್ಧದ ನಡುವೆ ಸಿಕ್ಕಿಕೊಂಡಾಗ ಮಾತ್ರ ಉಳಿದವರಿಗೆ ಅವರ ನೆನಪಾಯಿತು. ಹೆಸರುಗಳನ್ನು ತಮಾಷೆಯ ಸುದ್ದಿ ಮಾಡುವ ಉತ್ಸಾಹ, ಆ ಮಕ್ಕಳು ಹೈಸ್ಕೂಲು ಮುಟ್ಟುವ ಮೊದಲೇ ಶಾಲೆ ಬಿಡುವುದೇಕೆ ಎಂದು ಕೇಳುವುದರಲ್ಲಿ ಕಾಣುವುದಿಲ್ಲ.

ನನ್ನ ಹೆಸರು ಹುಚ್ಚಪ್ಪ. ಕಾಲೇಜಿನಲ್ಲಿ ನಗುತ್ತಾರೆ. ಬದಲಿಸಿಕೊಳ್ಳಲೇ?

ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮಗುವಿಗೆ ಹುಚ್ಚಪ್ಪ, ತಿಪ್ಪಯ್ಯ, ಗುಂಡಪ್ಪ ಎಂದು ಹೆಸರಿಟ್ಟರೆ ಸಾವಿನ ಕಣ್ಣು ಬೀಳುವುದಿಲ್ಲ ಎಂಬ ನಂಬಿಕೆಯಿತ್ತು. ಅಂದರೆ ಈ ಹೆಸರು ಹೊತ್ತವರು ಹೆತ್ತವರಿಗೆ ಬಹಳ ಬೇಕಾಗಿದ್ದವರು. ಹೀಗೆಂದು ತಿಳಿದರೆ ನಗುವವರು ನಿಲ್ಲಿಸುತ್ತಾರೆಂದು ಹೇಳಲಾಗದು. ಬದಲಿಸುವ ಹಕ್ಕು ನಿಮಗಿದೆ, ಕ್ರಮವನ್ನು ಮುಂದೆ ಕೊಟ್ಟಿದೆ. ಆದರೆ ಪದವಿ ಮುಗಿಸಿದ ಮೇಲೆ ಬದಲಿಸುವುದಕ್ಕಿಂತ ಮುಂಚೆ ಬದಲಿಸಿದರೆ ತಿದ್ದಬೇಕಾದ ದಾಖಲೆಗಳು ಕಡಿಮೆ.

ಭದ್ರಾವತಿಯಲ್ಲಿ ಹುಟ್ಟಿದವಳು, ಮನೆಮಾತು ತಮಿಳು, ಹೆಸರು ಸೆಲ್ವಿ. ಇಲ್ಲಿಯವಳೆಂದು ಎಷ್ಟು ಸಲ ಹೇಳಬೇಕು?

1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಗೂ ಆಮೇಲೆ ಬಂದ ಕಾಗದದ ಕಾರ್ಖಾನೆಗೂ ದುಡಿಯಲು ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಿನವರು ಬಂದು ಸುಮಾರು ನೂರು ವರ್ಷವಾಯಿತು. ಆ ಊರಿನ ಹಾಜರಿ ಪುಸ್ತಕಗಳಲ್ಲಿ ಮುರುಗನ್, ಮಂಜುನಾಥ, ಮಹಬೂಬ್ ಅಕ್ಕಪಕ್ಕದಲ್ಲೇ ಇದ್ದಾರೆ. ನೀವು ಮತ್ತೆ ಮತ್ತೆ ಹೇಳಬೇಕಾಗಿ ಬರುವುದು ನಿಮ್ಮ ಕೊರತೆಯಲ್ಲ. ಊರಿನ ಚರಿತ್ರೆಯನ್ನು ಕಲಿಯದವರ ಕೊರತೆ. ತೀರ್ಥಹಳ್ಳಿಯ ಬ್ಯಾರಿ ವ್ಯಾಪಾರಿಗೂ, ತಲೆಮಾರುಗಳಿಂದ ಅಡಿಕೆ ಬೆಳೆಯುವ ಡಿಸೋಜರಿಗೂ ಇದೇ ಮಾತು ಸಲ್ಲುತ್ತದೆ.

ನಮ್ಮೂರು ಶರಾವತಿಯಲ್ಲಿ ಮುಳುಗಿದೆ. ಇನಿಶಿಯಲ್ಲಿನಲ್ಲಿ ಆ ಊರನ್ನು ಉಳಿಸಿಕೊಳ್ಳಬೇಕೇ?

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡ ಮೇಲೆ ಊರು ಬಿಟ್ಟವರ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಇದೆ. ಅಜ್ಜ ಶಿವಮೊಗ್ಗದ ಪಕ್ಕದ ಕಾಡು ಕಡಿದು ನೆಲೆಯಾದರೂ ಹೆಸರಿನ ಮುಂದಿನ ಅಕ್ಷರ ನೀರಿನಡಿಯ ಊರಿನದಾಗಿಯೇ ಉಳಿಯಿತು. ಪುನರ್ವಸತಿಯ ಜಮೀನಿನ ಹಕ್ಕು ಪಕ್ಕಾ ಆಗದ ಕುಟುಂಬಗಳಿಗೆ ಆ ಅಕ್ಷರ ಬರೀ ನೆನಪಿನ ವಿಷಯವಲ್ಲ, ಮುಳುಗಡೆಯ ಹಳೆಯ ಪಹಣಿಗೂ ಇಂದಿನ ಆಧಾರ್ ಕಾರ್ಡಿಗೂ ನಡುವಿನ ಕೊಂಡಿ. ದಾಖಲೆ ಇತ್ಯರ್ಥವಾಗುವ ತನಕ ತೆಗೆಯಬೇಡಿ ಎಂಬುದು ನನ್ನ ಸಲಹೆ.

ಜಾತಿ ಸೂಚಿಸುವ ಪದವನ್ನು ಕೈಬಿಟ್ಟರೆ ತಾರತಮ್ಯ ತಪ್ಪುತ್ತದೆಯೇ?

ಪ್ರಯತ್ನಗಳು ಹಳೆಯವು. 1929ರಲ್ಲಿ ಪೆರಿಯಾರ್ ಅವರ ಸ್ವಾಭಿಮಾನ ಚಳವಳಿಯ ಚೆಂಗಲ್ಪಟ್ಟು ಸಮ್ಮೇಳನ ಹೆಸರಿನ ಜಾತಿ ಬಾಲವನ್ನು ತೆಗೆಯಬೇಕೆಂದು ನಿರ್ಣಯಿಸಿತು. ತಮಿಳುನಾಡಿನಲ್ಲಿ ಆ ಬಾಲಗಳು ಬಹುಮಟ್ಟಿಗೆ ಮರೆಯಾದವು, ಜಾತಿ ಮರೆಯಾಗಲಿಲ್ಲ. ಕುವೆಂಪು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಹೆಸರಿಟ್ಟಾಗ ಮನೆದೇವರೂ ಇಲ್ಲದ, ಮನೆತನವೂ ಇಲ್ಲದ ಹೆಸರು ಸಾಧ್ಯವೆಂದು ಮಲೆನಾಡಿಗೆ ತೋರಿತು.

ಆದರೆ ಬಿಡುವುದು ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು. ಭಟ್ಟ ಎಂಬುದನ್ನು ಬಿಟ್ಟವರನ್ನು ಆದರ್ಶವಾದಿ ಎನ್ನುತ್ತಾರೆ. ತಳಸಮುದಾಯದ ಹುಡುಗ ತನ್ನ ಹೆಸರಿನ ಗುರುತನ್ನು ಬಿಟ್ಟರೆ ಮುಚ್ಚಿಟ್ಟ ಎನ್ನುತ್ತಾರೆ, ಮುಂದೆ ತಿಳಿದಾಗ ಮೋಸ ಎನ್ನುವವರೂ ಇದ್ದಾರೆ. ಇತ್ತೀಚೆಗೆ ಸಿದ್ದಿ, ನಾಯ್ಕ ಎಂಬ ಗುರುತುಗಳನ್ನು ತಾವಾಗಿ ಎತ್ತಿ ಹೇಳುವ ಯುವಕರು ಕಾಣುತ್ತಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ತೋರುತ್ತದೆ. ಓದುವವನ ಅಭ್ಯಾಸ ಹಾಗೆಯೇ ಇರುವಾಗ ಹೆಸರಿನಿಂದ ಒಂದು ಸುಳಿವು ತೆಗೆದರೆ ಅವನು ಇನ್ನೊಂದನ್ನು ಹುಡುಕುತ್ತಾನೆ: ಊರು, ಊಟ, ಮನೆಯ ಕೇರಿ, ಅಮ್ಮನ ಹೆಸರು.

ಹೆಸರು ಬದಲಿಸಲು ಕಾನೂನಿನ ಕ್ರಮವೇನು?

ವಯಸ್ಕರು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, ರಾಜ್ಯಪತ್ರದಲ್ಲಿ ಪ್ರಕಟಿಸಿಕೊಳ್ಳುವುದು ರೂಢಿಯ ಕ್ರಮ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿನ ತಿದ್ದುಪಡಿಗೆ ಓದಿದ ಶಾಲೆಯ ಮೂಲಕ ಮಂಡಳಿಗೆ ಹೋಗಬೇಕು. ಹೆಸರು ವ್ಯಕ್ತಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ಜಿಗ್ಯಾ ಯಾದವ್ ಪ್ರಕರಣದಲ್ಲಿ ಹೇಳಿದೆ. ನವಜಾತ ಶಿಶುವಿನ ಹೆಸರನ್ನು ಜನನ ನೋಂದಣಿಯಲ್ಲಿ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ತೆತ್ತು 15 ವರ್ಷದವರೆಗೆ ಸೇರಿಸಬಹುದು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಮೊದಲಾದವಕ್ಕೆ ಜನನ ಪ್ರಮಾಣಪತ್ರವೇ ಆಧಾರವಾದ್ದರಿಂದ, ಕಾಗುಣಿತವನ್ನು ಅಲ್ಲಿಯೇ ಸರಿಮಾಡಿಕೊಳ್ಳಿ.

ಮಗುವಿಗೆ ತಾಯಿಯ ಕಡೆಯ ಹೆಸರನ್ನು ಸೇರಿಸಬಹುದೇ?

ಸೇರಿಸಬಹುದು. ತಂದೆ ತೀರಿಕೊಂಡ ಮೇಲೆ ಮಗುವಿನ ಕುಟುಂಬದ ಹೆಸರನ್ನು ನಿರ್ಧರಿಸುವ ಹಕ್ಕು ತಾಯಿಗಿದೆ ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಅಕೆಲ್ಲ ಲಲಿತಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಪಾಸ್‌ಪೋರ್ಟಿಗೂ ತಂದೆಯ ಹೆಸರೇ ಬೇಕೆಂಬ ಕಡ್ಡಾಯ 2016ರಿಂದ ಇಲ್ಲ.

ವಿದೇಶಕ್ಕೆ ಹೋದಾಗ ನಮ್ಮ ಒಂಟಿ ಹೆಸರು ತೊಂದರೆ ಕೊಡುತ್ತದೆಯೇ?

ಕೊಡಬಹುದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಸಂದರ್ಶಕರ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಅಮೆರಿಕದ ವೀಸಾದಲ್ಲಿ ಇಂಥವರ ಒಂದೇ ಹೆಸರು ಕುಟುಂಬದ ಹೆಸರಾಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಇನಿಶಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ಊರಿನ ಹೆಸರೋ ಅಪ್ಪನ ಹೆಸರೋ ಕೊನೆಗೆ ಬಂದು, ಹೊಸನಗರದ ಹುಡುಗಿಯನ್ನು ಕಚೇರಿಯಲ್ಲಿ ಅವಳಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಮೊದಲ ಪಾಸ್‌ಪೋರ್ಟಿಗೆ ಮುನ್ನವೇ ಯಾವುದು ಕೊನೆಯಲ್ಲಿರಬೇಕೆಂದು ಮನೆಯಲ್ಲಿ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ನಾನು ಶಿವಮೊಗ್ಗದಲ್ಲಿ ಮನೆ ಬಾಡಿಗೆಗೆ ಕೊಡುವವನು. ಹೆಸರು ಕೇಳುವುದೂ ತಪ್ಪೇ?

ಹೆಸರು ಕೇಳುವುದು ತಪ್ಪಲ್ಲ. ಕರಾರು ಪತ್ರಕ್ಕೆ ಗುರುತಿನ ಚೀಟಿಯಲ್ಲಿರುವ ಹೆಸರು, ಕಾಯಂ ವಿಳಾಸ, ಕೆಲಸದ ವಿವರ, ದೂರವಾಣಿ ಸಂಖ್ಯೆ ಬೇಕು. ಅದರಲ್ಲಿ ‘ಯಾವ ಜನ’ ಎಂಬ ಕಲಮಿಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸುತ್ತದೆಯೇ ಹೊರತು ಖಾಸಗಿ ಬಾಡಿಗೆ ಮನೆಯನ್ನು ಹೆಸರಿಸುವುದಿಲ್ಲ, ಹಾಗಾಗಿ ಬಹಳ ಮಂದಿ ಧೈರ್ಯವಾಗಿ ಕೇಳುತ್ತಾರೆ. ಆದರೆ ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಕಣ್ಣೆದುರಿಗೆ ಜಾತಿಯ ಹೆಸರು ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಫೋನಿನಲ್ಲಿ ‘ಮನೆ ಖಾಲಿಯಿದೆ, ಬನ್ನಿ’ ಎಂದು ಹೇಳಿ, ಹೆಸರು ಕೇಳಿದ ಮೇಲೆ ‘ನಿನ್ನೆಯೇ ಆಗಿಹೋಯ್ತು’ ಎನ್ನುವ ಅಭ್ಯಾಸ ಈ ನಗರದಲ್ಲಿ ಎಷ್ಟಿದೆ ಎಂಬುದು ನಿಮಗೇ ಗೊತ್ತಿರುತ್ತದೆ. ಬಾಡಿಗೆ, ಅಡ್ವಾನ್ಸು, ನೀರಿನ ಬಿಲ್ಲು ಮಾತಾಡಿ ಒಪ್ಪಂದವಾದ ಮೇಲೆ ಕರಾರು ಪತ್ರ ಬರೆಯುವಾಗ ಪೂರ್ತಿ ಹೆಸರನ್ನು ಕೇಳಿ ಬರೆದುಕೊಳ್ಳಿ.